ಚಂದ್ರಲೋಕದಲ್ಲಿ ಎಲ್ಲರಿಗೂ ಇಪ್ಪತ್ತೆರಡು

ಹೆಬ್ಬಾಳದ ದ್ರೌಪದಮ್ಮನಿಗೆ ಮನುಷ್ಯರನ್ನು ಕಂಡರೆ ಆಗುತ್ತಿರಲಿಲ್ಲ. ಅದರಲ್ಲೂ ಇಸ್ತ್ರಿ ಮಾಡಿದ ಬಿಳಿ ಷರಟು, ಬಿಳಿ ಪ್ಯಾಂಟು ತೊಟ್ಟು ಎರಡೂ ಕೈ ಜೋಡಿಸಿ ನಗುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಪೂಜಾರಿಯನ್ನು ಕಂಡರೆ ಮಂಗಳಾರತಿ ತಟ್ಟೆಯ ಮೇಲೇ ಕಣ್ಣಿಟ್ಟವನು ಅನ್ನುವಳು, ಮೇಷ್ಟರನ್ನು ಕಂಡರೆ ಸೈಟು ಮಾರುವವನು ಅನ್ನುವಳು. ಸತ್ತ ಗಂಡನ ಬಗ್ಗೆ ಯಾರಾದರೂ ಅನುಕಂಪ ತೋರಿಸಿದರೆ, "ಕುಡ್ದು ಸತ್ತ, ನಂಗೇನ್ ಏಳ್ಬುಟ್ಟು ಕುಡುದ್ನಾ?" ಎಂದು ಬಾಯಿ ಮುಚ್ಚಿಸುವಳು.

ಬಾಯಿ ಹಾಗಿದ್ದರೂ ಕೈ ಬಂಗಾರವಾಗಿತ್ತು. ಹೆಬ್ಬಾಳದಿಂದ ಬ್ಯಾಟರಾಯನಪುರದವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಹೆಣ್ಣಿಗೆ ಸೀರೆ ಉಡಿಸಲು ಅವಳೇ ಆಗಬೇಕು. ವರಮಹಾಲಕ್ಷ್ಮಿ ಹಬ್ಬ ಬಂದರೆ ಮನೆಮನೆಗೆ ಹೋಗಿ ಕಲಶಕ್ಕೆ ಸೀರೆ ಉಡಿಸುವಳು. ಒಂದು ಬಿಂದಿಗೆ, ಅದರ ಮೇಲೊಂದು ಚೊಂಬು, ಅಡ್ಡಕ್ಕೊಂದು ಕೋಲು, ಇಷ್ಟು ಕೊಟ್ಟರೆ ಸಾಕು, ಅರ್ಧ ಗಂಟೆಯಲ್ಲಿ ಅಲ್ಲಿ ಲಕ್ಷ್ಮಿ ಕೂತಿರುತ್ತಿದ್ದಳು. ಬಿಂದಿಗೆಗೆ ನಡು ಬರಿಸುವುದು, ಕೋಲಿಗೆ ಭುಜ ಬರಿಸುವುದು, ತಗಡಿನ ಮುಖಕ್ಕೆ ವಯಸ್ಸು ಬರಿಸುವುದು, ಇವೆಲ್ಲ ಅವಳಿಗೆ ತಾಯಿಯಿಂದ ಬಂದ ವಿದ್ಯೆ.

ಆ ವಿದ್ಯೆಗೆ ಕುತ್ತು ಬಂದದ್ದು ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ವರ್ಷ. ರಸ್ತೆ ಅಗಲವಾಯಿತು, ಅದರ ಹಿಂದೆಯೇ ಗಾಜಿನ ಬಾಗಿಲಿನ ಬ್ಯೂಟಿ ಪಾರ್ಲರುಗಳು ಬಂದವು. ಅದೇ ಊರಿನ ಹೆಣ್ಣುಮಕ್ಕಳು, ಇವಳ ಕೈಯಲ್ಲೇ ಸೀರೆ ಉಟ್ಟು ಬೆಳೆದವರು, "ಆಂಟಿ, ನಾವು ಬ್ಯೂಟೀಷಿಯನ್ ಬುಕ್ ಮಾಡಿದೀವಿ" ಅನ್ನತೊಡಗಿದರು. ಮುಖಕ್ಕೆ ಸುಣ್ಣ ಬಳಿದು ಕಳಿಸುವ ಅಂಗಡಿಗೆ ಇಷ್ಟು ದೊಡ್ಡ ಹೆಸರೇ ಎಂದು ದ್ರೌಪದಮ್ಮ ಉಗಿದಳು. ಉಗಿದರೆ ಹೊಟ್ಟೆ ತುಂಬುವುದಿಲ್ಲವಲ್ಲ. ಯಶವಂತಪುರದ ಚಂದ್ರಲೋಕ ಬಾರಿನಿಂದ ಕರೆ ಬಂದಾಗ ಹೋದಳು.

ಚಂದ್ರಲೋಕ ಎಂದರೆ ಕೆಳಗೆ ಬಾರು, ಮೇಲೆ ಲೈವ್ ಬ್ಯಾಂಡು. ಮೇಲಿನ ಹಾಲಿನಲ್ಲೊಂದು ಜಗಲಿ, ಜಗಲಿಯ ಮೇಲೆ ಎರಡು ಸಾಲು ಕುರ್ಚಿ. ಕುರ್ಚಿಗಳ ತುಂಬ ಸೀರೆ ಉಟ್ಟ ಹುಡುಗಿಯರು. ಒಬ್ಬಳು ಎದ್ದು ಮೈಕಿನ ಮುಂದೆ ಹಾಡುವಳು, ಉಳಿದವರು ಚಪ್ಪಾಳೆ ತಟ್ಟುತ್ತ ಕೂರುವರು. ಪಕ್ಕದಲ್ಲಿ ಗಯಾಸ್ ಎಂಬವನು ಕೀಬೋರ್ಡು ನುಡಿಸುವನು. ಹಾಡು ಕೇಳಲು ಅಲ್ಲಿಗೆ ಯಾರೂ ಬರುತ್ತಿರಲಿಲ್ಲ ಎನ್ನುವುದು ಹಾಡುವವಳಿಗೂ ಗೊತ್ತು, ನುಡಿಸುವವನಿಗೂ ಗೊತ್ತು. ಮುಂದಿನ ಸಾಲಿನಲ್ಲಿ ಕೂತವರನ್ನು ಬಾಗಿಲು ಮುಚ್ಚುವ ಹೊತ್ತಿಗೆ ಕರೆದೊಯ್ಯಲು ಕಾರುಗಳು ಬಂದು ನಿಲ್ಲುತ್ತಿದ್ದವು. ಹಿಂದಿನ ಸಾಲು ಬರೀ ಸಾಲು ತುಂಬಿಸಲು.

ಹದಿನೆಂಟು ತುಂಬದವರನ್ನು ಇಂಥ ಕಡೆ ದುಡಿಸಬಾರದೆಂದು ಕಾನೂನಿದೆ. ಚಂದ್ರಲೋಕದಲ್ಲೂ ಆ ಕಾನೂನಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ, ತಿರುಪತಿ ತಿಮ್ಮಪ್ಪನ ಪಟದ ಪಕ್ಕದಲ್ಲಿ, ಚಿಕ್ಕ ವಯಸ್ಸಿನವರಿಗೆ ಇಲ್ಲಿ ಕೆಲಸವೂ ಇಲ್ಲ, ಪ್ರವೇಶವೂ ಇಲ್ಲ ಎಂದು ಕೆಂಪಕ್ಷರದ ಬೋರ್ಡು ಹಾಕಿ ಅದಕ್ಕೂ ಪ್ಲಾಸ್ಟಿಕ್ ಹೂವಿನ ಹಾರ ತೊಡಿಸಿದ್ದರು. ಮಾಡೋದು ಅನಾಚಾರ, ಮನೆ ಮುಂದೆ ಬೃಂದಾವನ. ಆ ಬೋರ್ಡಿನ ಹಿಂದಿನ ಕೋಣೆಯಲ್ಲಿ ದಿನಾ ಮಧ್ಯಾಹ್ನ ನಾಲ್ಕಕ್ಕೆ ದ್ರೌಪದಮ್ಮ ಹುಡುಗಿಯರಿಗೆ ವರ್ಷ ಸೇರಿಸುತ್ತಿದ್ದಳು.

ಹೌದು, ಅವಳ ಕೆಲಸ ಅದೇ. ಹದಿನಾರರ ಹುಡುಗಿಗೆ ಸೊಂಟಕ್ಕೊಂದು ಟವೆಲು ಸುತ್ತಿ, ನೆರಿಗೆಯನ್ನು ಸ್ವಲ್ಪ ಅಗಲಕ್ಕೆ ಹಿಡಿದು, ಸೆರಗನ್ನು ಭುಜದಿಂದ ಇಳಿಬಿಟ್ಟು, ಕೂದಲನ್ನು ತುರುಬು ಕಟ್ಟಿ, ಅಗಲವಾದ ಕುಂಕುಮ ಇಟ್ಟು, ಕತ್ತಿಗೆ ಕರಿಮಣಿ ಹಾಕಿದರೆ ಮುಗಿಯಿತು, ಯಾರ ಮನೆಯ ಸೊಸೆಯೋ ಅನ್ನಬೇಕು. ಬಿಂದಿಗೆಗೆ ಉಡಿಸಿ ಲಕ್ಷ್ಮಿ ಮಾಡಿದವಳಿಗೆ ಹುಡುಗಿಗೆ ಉಡಿಸಿ ಹೆಂಗಸು ಮಾಡುವುದು ಯಾವ ದೊಡ್ಡ ಕೆಲಸ?

ಉಡಿಸುತ್ತ ಉಡಿಸುತ್ತಲೇ ಪಾಠ. ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಇದ್ದಕ್ಕಿದ್ದಂತೆ ಗಂಡು ದನಿ ಮಾಡಿ, "ಏಯ್! ವಯಸ್ಸೆಷ್ಟು?" ಎಂದು ಗದರುವಳು. ಹುಡುಗಿ ಬೆಚ್ಚಬಾರದು. ಎಡಗೈಯಿಂದ ಸೆರಗು ಹಿಡಿದು, ನೆಲ ನೋಡಿ, "ಇಪ್ಪತ್ತೆರಡು ಸಾರ್. ನನ್ನಿಷ್ಟದಿಂದ ಬಂದಿದೀನಿ ಸಾರ್. ಹಾಡು ಅಂದ್ರೆ ಇಷ್ಟ ಸಾರ್" ಅನ್ನಬೇಕು. ತಪ್ಪಿದರೆ ಉಟ್ಟ ಸೀರೆ ಬಿಚ್ಚಿ ಮತ್ತೆ ಮೊದಲಿಂದ. ಇಪ್ಪತ್ತೆರಡೇ ಯಾಕೆ ಎಂದು ಹೊಸಬಳೊಬ್ಬಳು ಕೇಳಿದಾಗ ದ್ರೌಪದಮ್ಮ, "ಅದಿನೆಂಟು ಅಂದ್ರೆ ನಾಯಿಗೂ ಅನ್ಮಾನ ಬತ್ತದೆ. ಇಪ್ಪತ್ತೆಲ್ಡು ಅಂದ್ರೆ ಬರಕ್ಕಿಲ್ಲ" ಎಂದಿದ್ದಳು. ಹಾಗೆ ಚಂದ್ರಲೋಕಕ್ಕೆ ಬಂದವರಿಗೆಲ್ಲ ಇಪ್ಪತ್ತೆರಡು. ಮರುವರ್ಷವೂ ಇಪ್ಪತ್ತೆರಡು, ಅದರ ಮರುವರ್ಷವೂ ಇಪ್ಪತ್ತೆರಡು.

ತಪಾಸಣೆಗೆ ಬರುವ ಪೊಲೀಸರು ಹಿಂದಿನ ದಿನವೇ ಫೋನು ಮಾಡುತ್ತಿದ್ದರು. ಕಾನೂನು ಬರುತ್ತಿದೆ, ಕುರ್ಚಿ ಒರೆಸಿಡಿ ಎಂಬಂತೆ. ಬಂದ ಸಾಹೇಬರು ಜಗಲಿಯ ಮುಂದೆ ನಿಂತು ಒಬ್ಬೊಬ್ಬಳನ್ನೇ ಕೇಳುವರು. ಒಬ್ಬೊಬ್ಬಳೂ ಇಪ್ಪತ್ತೆರಡು ಅನ್ನುವಳು. ಇಷ್ಟು ಜನ ಹೆಣ್ಣುಮಕ್ಕಳು ಒಂದೇ ವರ್ಷ ಹುಟ್ಟಿ, ಒಂದೇ ವರ್ಷಕ್ಕೆ ನಿಂತುಬಿಟ್ಟಿದ್ದಾರಲ್ಲ, ಇದೇನು ಸೋಜಿಗ ಎಂದು ಅವರಲ್ಲಿ ಒಬ್ಬನಿಗೂ ಅನ್ನಿಸಲಿಲ್ಲ. ಬರೆದುಕೊಂಡು, ಕೆಳಗಿಳಿದು, ಕಬಾಬು ತಿಂದು ಹೋಗುವರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ದ್ರೌಪದಮ್ಮ, "ಇವ್ರ ಮುಖಕ್ಕೆ ಬರೆ ಆಕ" ಎಂದು ಗೊಣಗಿ ಎಲೆ ಅಡಿಕೆ ಹಾಕಿಕೊಳ್ಳುವಳು.

ಎಲ್ಲರನ್ನೂ ಬೈಯುವ ಅವಳು ತನ್ನ ಸರದಿ ಬಂದಾಗ ಮಾತ್ರ, ನಾನು ಸೀರೆ ಉಡಿಸುವವಳು, ಅಷ್ಟೆ, ಎಂದು ದಾಟಿಕೊಳ್ಳುತ್ತಿದ್ದಳು. ಕಟುಕನ ಅಂಗಡಿಯಲ್ಲಿ ಕೂತು, ನಾನು ಬರೀ ಪೊಟ್ಟಣ ಕಟ್ಟುವವಳು ಅಂದಂತೆ. ಅದನ್ನೂ ಒಂದು ಮಾತೆಂದು ಆರೇಳು ವರ್ಷ ನಂಬಿಕೊಂಡೇ ಇದ್ದಳು.

ಶಶಿರೇಖಾ ಬಂದದ್ದು ಎರಡು ಸಾವಿರದ ಹದಿನಾಲ್ಕರ ದೀಪಾವಳಿ ಕಳೆದ ಮೇಲೆ. ಚಿಂತಾಮಣಿ ಕಡೆಯ ಹುಡುಗಿ, ಅಪ್ಪ ಅಮ್ಮ ಇಲ್ಲ. ಚಿಕ್ಕಮ್ಮ ಎಂದು ಹೇಳಿಕೊಂಡ ಹೆಂಗಸೊಬ್ಬಳು ತಂದು ಬಿಟ್ಟು, ಮಾಲೀಕ ಶಿವರಾಮಣ್ಣನ ಜೊತೆ ಕೋಣೆಯಲ್ಲಿ ಮಾತಾಡಿ, ಹೊಸ ಚಪ್ಪಲಿಯಲ್ಲಿ ಹೊರಟುಹೋದಳು. ಹುಡುಗಿ ಪಿನ್ನಿನ ಡಬ್ಬಿ ತೆಗೆದು ಬಣ್ಣಬಣ್ಣದ ತಲೆಯ ಪಿನ್ನುಗಳನ್ನು ಬೇರೆ ಬೇರೆ ಜೋಡಿಸುತ್ತ ಕೂತಿತ್ತು.

"ವಯಸ್ಸೆಷ್ಟೇ?" ಅಂದಳು ದ್ರೌಪದಮ್ಮ. ಗದರಿ ಅಲ್ಲ, ಸುಮ್ಮನೆ.

"ಉಗಾದಿಗೆ ಹದಿಮೂರು ಅಕ್ಕಾ."

ದ್ರೌಪದಮ್ಮ ಶಿವರಾಮಣ್ಣನ ಹತ್ತಿರ ಹೋಗಿ, "ಇದಕ್ಕೆ ಎಂಗಣ್ಣ ಉಡಿಸ್ಲಿ? ಕಲಶಕ್ಕಾದ್ರೂ ಒಸಿ ಗಾತ್ರ ಇರ್ತದೆ" ಅಂದಳು. ಅವನು ಫೋನಿನಿಂದ ಕಣ್ಣೆತ್ತದೆ, "ಹಿಂದಿನ ಸಾಲಿಗೆ ಕಣಮ್ಮ, ಮೂಲೇಲಿ ಕೂರ್ಸು. ಜಾಗ ತುಂಬ್ಲಿ" ಅಂದ. ಹಿಂದಿನ ಸಾಲು ತಾನೇ ಎಂದು ಅವಳೂ ಎರಡು ಟವೆಲು ಸುತ್ತಿ ಉಡಿಸಿದಳು. ಪಾಠವನ್ನೂ ಕಲಿಸಿದಳು. ಹುಡುಗಿ ಬುದ್ಧಿವಂತೆ, ಮೂರನೆಯ ದಿನಕ್ಕೇ ಕಲಿಯಿತು. ಉತ್ತರ ಹೇಳಿ, ಸರಿಯಾಯಿತೇ ಎಂದು ದ್ರೌಪದಮ್ಮನ ಮುಖ ನೋಡುವುದು ಅದಕ್ಕೊಂದು ಅಭ್ಯಾಸ. ಸರಿಯಿದ್ದರೆ ದ್ರೌಪದಮ್ಮ ಹುಬ್ಬು ಹಾರಿಸುವಳು. ಆಗ ಆ ಮುಖದಲ್ಲಿ ಬರುತ್ತಿದ್ದ ನಗು ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಮಗುವಿನದು.

ಮಾರನೆಯ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಶಶಿರೇಖಾ ಉಡಲು ಬರದೆ ಮೂಲೆಯಲ್ಲಿ ಮುದುಡಿ ಕೂತು ಅಳುತ್ತಿದ್ದಳು. ಹೊಟ್ಟೆನೋವು, ಸತ್ತೇಹೋಗುತ್ತೇನೆ ಅನ್ನುತ್ತಿದ್ದಳು. ದ್ರೌಪದಮ್ಮ ಒಂದು ಸಲ ನೋಡಿದಳು, ತಿಳಿಯಿತು. ಹುಡುಗಿ ದೊಡ್ಡವಳಾಗಿದ್ದಳು. ಬಿಸಿನೀರು ಕಾಯಿಸಿ, ಬಟ್ಟೆ ಕೊಟ್ಟು, ತಲೆ ಸವರಿ, "ಸಾಯಕ್ಕಿಲ್ಲ ಸುಮ್ಕಿರು. ಎಲ್ಲಾರ್ಗೂ ಆಗೋದೇ" ಅಂದಳು. ಮಾರನೆಯ ದಿನ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಮಾಡಿ ತಂದುಕೊಟ್ಟಳು. ಹುಡುಗಿ ಕುರ್ಚಿಯ ಮೇಲೆ ಕಾಲು ಅಲ್ಲಾಡಿಸುತ್ತ ತಿಂದಿತು.

ಸುದ್ದಿ ಹೇಗೋ ಆ ಚಿಕ್ಕಮ್ಮನಿಗೆ ಮುಟ್ಟಿತು. ಅದೇ ವಾರ ಬಂದಳು. ಸಂತೆಗೆ ಬಂದವಳ ಹಾಗೆ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಇನ್ನೇನಮ್ಮ, ಮುಂದಿನ ಸಾಲಿಗೆ ಕೂರ್ಸಿ" ಎಂದು ನಕ್ಕಳು. ಶಿವರಾಮಣ್ಣನೂ, "ಮುಂದಿನ ತಿಂಗ್ಳು ನೋಡಾಣ" ಅಂದ.

ಆ ದಿನ ದ್ರೌಪದಮ್ಮನಿಗೆ ಊಟ ಸೇರಲಿಲ್ಲ. ಮುಂದಿನ ಸಾಲಿಗೆ ತಾನೇ ಉಡಿಸಿ ಕಳಿಸಬೇಕು. ಆ ಕಾರುಗಳಲ್ಲಿ ಯಾವುದೋ ಒಂದರ ಬಾಗಿಲು ಈ ಕೂಸಿಗೆ ತೆರೆಯುತ್ತದೆ. ನಾನು ಸೀರೆ ಉಡಿಸುವವಳು ಅಷ್ಟೆ ಎಂಬ ಮಾತನ್ನು ಬಾಯಿಗೆ ತಂದುಕೊಂಡಳು. ಅದು ಅವಳ ಬಾಯಲ್ಲೇ ಹಳಸಿತ್ತು. ಪೊಲೀಸರಿಗೆ ಹೇಳೋಣವೆಂದರೆ ಅವರು ಕಬಾಬಿನ ಗಿರಾಕಿಗಳು. ಹುಡುಗಿಯನ್ನು ಮನೆಗೆ ಕರೆದೊಯ್ದರೆ ಶಿವರಾಮಣ್ಣನ ಹುಡುಗರು ಬಾಗಿಲು ಒಡೆದು ಎಳೆದೊಯ್ಯುತ್ತಾರೆ.

ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು. ಶಿವರಾಮಣ್ಣ ಅಬ್ಬಿಗೆರೆಯವನು. ಆ ವರ್ಷ ಪಾಲಿಕೆ ಚುನಾವಣೆ ಬರುವುದಿತ್ತು, ತನ್ನ ಕಡೆಯ ವಾರ್ಡಿನಲ್ಲಿ ಹೇಗಾದರೂ ಟಿಕೆಟು ಗಿಟ್ಟಿಸಬೇಕೆಂದು ಕುಣಿಯುತ್ತಿದ್ದ. ನಾಯಿ ಮರಿ ಹಾಕಿದರೂ ಶುಭಾಶಯದ ಫ್ಲೆಕ್ಸು ಕಟ್ಟಿಸುವ ಮನುಷ್ಯ. ದ್ರೌಪದಮ್ಮ ಅವನ ಮುಂದೆ ಸೆರಗು ಹೊದ್ದು ನಿಂತಳು.

"ಅಣ್ಣ, ಆ ಉಡ್ಗಿ ದೊಡ್ಡೋಳಾದ್ಲು. ಆರತಿ ಶಾಸ್ತ್ರ ಆಗ್ಬೇಕು. ಅಸ್ರು ಗುಡ್ಲು ಆಕೋಕೆ ಸೋದರಮಾವ ಇಲ್ಲ. ತಬ್ಲಿ."

"ಅದ್ಕೆ ನಾನೇನ್ ಮಾಡ್ಲಿ?"

"ನೀವೇ ಸೋದರಮಾವನ್ ಜಾಗ್ದಲ್ಲಿ ನಿಂತು ಗುಡ್ಲು ಆಕ್ಬುಟ್ರೆ, ಊರಿನ್ ಎಂಗುಸ್ರೆಲ್ಲ ಏನಂದಾರು? ಇಂತಾ ಅಣ್ಣ ನಮ್ಗೂ ಇರ್ಬಾರ್ದಾ ಅಂತಾರೆ. ಎಂಗುಸ್ರ ಓಟು ಅಣ್ಣ."

ಶಿವರಾಮಣ್ಣ ಫೋನು ಕೆಳಗಿಟ್ಟ. ಅವನ ಕಣ್ಣಲ್ಲಿ ಆಗಲೇ ಫ್ಲೆಕ್ಸು ಕಾಣುತ್ತಿತ್ತು. ಅದರ ಮೇಲೆ ಯಾರ ಮುಖ ಹಾಕಲಿದ್ದಾನೆ, ಅವಳಿಗೆ ತನ್ನದೇ ಬಾರಿನಲ್ಲಿ ಎಷ್ಟು ವಯಸ್ಸು, ಇದೊಂದೂ ಆ ತಲೆಗೆ ಹೋಗಲಿಲ್ಲ. ಫ್ಲೆಕ್ಸು ಎಂಬ ಪದ ಕಿವಿಗೆ ಬಿದ್ದರೆ ಮಿದುಳಿಗೆ ರಜೆ ಕೊಡುವ ಜಾತಿ ಅದು.

ಹದಿನೈದು ದಿನದಲ್ಲಿ ಅಬ್ಬಿಗೆರೆಯ ಕರೆಂಟು ಕಂಬವೊಂದನ್ನೂ ಬಿಡದೆ ಫ್ಲೆಕ್ಸು ಕಟ್ಟಿದರು. "ತಬ್ಬಲಿ ಹೆಣ್ಣುಮಕ್ಕಳ ಸೋದರಮಾವ ಶಿವರಾಮಣ್ಣನವರ ಸಾಕುಮಗಳು ಚಿ|| ಶಶಿರೇಖಾಳ ಆರತಿ ಮಹೋತ್ಸವಕ್ಕೆ ಸರ್ವರಿಗೂ ಸ್ವಾಗತ." ಶಿವರಾಮಣ್ಣನ ಮುಖ ಬಂಡೆಯಷ್ಟು ದೊಡ್ಡದು, ಮೂಲೆಯಲ್ಲಿ ಮೊಗ್ಗಿನ ಜಡೆಯ ಹುಡುಗಿ ಅಂಚೆಚೀಟಿಯಷ್ಟು. ಕೆಳಗೆ ಶುಭ ಕೋರುವವರ ಸಾಲು ಸಾಲು ಮುಖಗಳು, ಎಲ್ಲರೂ ಕಪ್ಪು ಕನ್ನಡಕ.

ದ್ರೌಪದಮ್ಮನ ಲೆಕ್ಕಾಚಾರ ಇಷ್ಟೇ. ಈ ಶುಭ ಕೋರುವವರೆಲ್ಲ ಚಂದ್ರಲೋಕದ ಗಿರಾಕಿಗಳು. ಹಿಂದಿನ ಸಾಲಿನಲ್ಲಿ ಇದೇ ಹುಡುಗಿಯನ್ನು ಕಂಡವರು. ಅವಳು ತೆಂಗಿನ ಗರಿಯ ಹಸಿರು ಗುಡಲಿನಲ್ಲಿ ಲಂಗ ತೊಟ್ಟು ಕೂತದ್ದನ್ನು ಕಂಡರೆ, ಅಯ್ಯೋ ಇದು ಮಗು, ನಾವು ಕೂತು ಕುಡಿದದ್ದು ಮಗುವಿನ ಮುಂದೆ ಎಂದು ಒಬ್ಬನಿಗಾದರೂ ಚುಚ್ಚದೆ ಇರುತ್ತದೆಯೇ? ಒಬ್ಬನಾದರೂ ಬಾಯಿ ಬಿಡುತ್ತಾನೆ, ಗಲಾಟೆಯಾಗುತ್ತದೆ, ಅಷ್ಟು ಜನರ ಕಣ್ಣೆದುರು ಹುಡುಗಿಯನ್ನು ಮತ್ತೆ ಜಗಲಿ ಹತ್ತಿಸಲು ಶಿವರಾಮಣ್ಣನಿಂದ ಆಗುವುದಿಲ್ಲ. ಜೀವಮಾನವೆಲ್ಲ ಮನುಷ್ಯರನ್ನು ಉಗಿದ ಹೆಂಗಸು, ಮನುಷ್ಯರ ಮೇಲೆ ನಂಬಿಕೆಯಿಟ್ಟದ್ದು ಅದೊಂದೇ ಸಲ.

ಆರತಿಯ ಬೆಳಿಗ್ಗೆ ಕಲ್ಯಾಣ ಮಂಟಪದಲ್ಲಿ ಅವಳೇ ಹುಡುಗಿಯನ್ನು ಸಿಂಗರಿಸಿದಳು. ಟವೆಲಿಲ್ಲ, ಪಿನ್ನಿಲ್ಲ, ಕರಿಮಣಿ ಇಲ್ಲ. ಹಸಿರು ರೇಷ್ಮೆ ಲಂಗ, ಎರಡು ಬಳೆ, ಜಡೆಗೆ ಮೊಗ್ಗು. ಸೇರಿಸಿದ ವರ್ಷಗಳನ್ನೆಲ್ಲ ಒಂದೊಂದಾಗಿ ಇಳಿಸಿಬಿಟ್ಟಳು. ಕನ್ನಡಿ ನೋಡಿದ ಶಶಿರೇಖಾ, "ಅಕ್ಕಾ, ಇವತ್ತು ಯಾರಾದ್ರೂ ಕೇಳಿದ್ರೆ ಎಷ್ಟು ಅನ್ಲಿ?" ಎಂದು ಕೇಳಿದಳು. "ಇವತ್ತು ಯಾರೂ ಕೇಳಕ್ಕಿಲ್ಲ" ಅಂದಳು ದ್ರೌಪದಮ್ಮ.

ಶಿವರಾಮಣ್ಣ ತೆಂಗಿನ ಗರಿ, ಅತ್ತಿ ಸೊಪ್ಪಿನ ಕಂತೆಯನ್ನು ಹೆಗಲ ಮೇಲಿಟ್ಟುಕೊಂಡು ಕ್ಯಾಮೆರಾ ಮುಂದೆ ಮೂರು ಸಲ ನಡೆದ. ಮೊದಲೆರಡು ಸಲ ಬೆಳಕು ಸರಿ ಬರಲಿಲ್ಲವಂತೆ. ಹುಡುಗಿಯನ್ನು ಗುಡಲಿನಲ್ಲಿ ಕೂರಿಸಿದರು, ಹೆಂಗಸರು ಆರತಿ ಎತ್ತಿದರು, ಹಾಡಿದರು. ಆಮೇಲೆ ಬಂದರು ಆ ಕಪ್ಪು ಕನ್ನಡಕದವರು.

ಒಬ್ಬೊಬ್ಬರಾಗಿ ಬಂದರು, ಅಕ್ಷತೆ ಹಾಕಿದರು, ಕವರು ಕೊಟ್ಟರು, ಫೋಟೋಗೆ ನಿಂತರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವನಂತೆ. ಈ ಕಳ್ಳರಲ್ಲಿ ಒಬ್ಬನೂ ಹೆಗಲು ಮುಟ್ಟಿಕೊಳ್ಳಲಿಲ್ಲ. ಒಬ್ಬ ಮಾತ್ರ ಹುಡುಗಿಯ ಮುಖವನ್ನು ಒಂದು ಕ್ಷಣ ದಿಟ್ಟಿಸಿ, "ಎಲ್ಲೋ ನೋಡ್ದಂಗೈತಲ್ಲ ಮಚ್ಚಾ" ಅಂದ. ಪಕ್ಕದವನು, "ಫ್ಲೆಕ್ಸಲ್ಲಿ ಕಣೋ" ಅಂದ. ಇಬ್ಬರೂ ಊಟಕ್ಕೆ ಹೋದರು. ಕೊನೆಗೆ ತಪಾಸಣೆಯ ಸಾಹೇಬರೇ ಬಂದರು. ಅದೇ ಬಾಯಿಂದ ವಯಸ್ಸು ಕೇಳಿ, ಅದೇ ಕೈಯಿಂದ ಇಪ್ಪತ್ತೆರಡು ಎಂದು ಬರೆದುಕೊಂಡವರು. ಹುಡುಗಿಯ ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿ ಓದಮ್ಮ ಪುಟ್ಟಿ" ಎಂದು ಹರಸಿ, ಪಂಕ್ತಿಯಲ್ಲಿ ಕೂತು, ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿಕೊಂಡರು.

ದ್ರೌಪದಮ್ಮ ಅಡುಗೆಮನೆಯ ಹಿಂದೆ ಹೋಗಿ ಥೂ ಎಂದು ಉಗುಳಿದಳು. ಯಾರಿಗೆಂದು ಉಗುಳಿದಳೋ, ಒಂದು ಪಾಲು ತನಗೂ ಇತ್ತು. ನಲ್ಲಿಯ ಹತ್ತಿರ ಗಯಾಸ್ ಕೈ ತೊಳೆಯುತ್ತ ನಿಂತಿದ್ದ. ಊಟ ಮಾಡಿದವನ ಮುಖವಲ್ಲ ಅದು.

"ನನ್ ಮಗಳು ಸಬಾನೂ ಇಷ್ಟೇ ಇದಾಳೆ ಅಕ್ಕಾ," ಅಂದ. "ಲಂಗದಾಗೆ ನೋಡಿದ್ಮೇಲೆ ನಂಗೆ ತುತ್ತು ಇಳೀಲಿಲ್ಲ."

"ತುತ್ತು ಇಳೀದಿದ್ರೆ ಏನ್ ಬಂತು? ಇಷ್ಟ್ ದಿನ ಡಂಗುಡಂಗು ಅಂತ ಬಾರಿಸ್ದಲ್ಲ."

ಗಯಾಸ್ ನಲ್ಲಿ ನಿಲ್ಲಿಸಿದ. ಮಕ್ಕಳ ಸಹಾಯವಾಣಿಗೆ ತಾನು ಫೋನು ಮಾಡುತ್ತೇನೆಂದ. "ಆದ್ರೆ ನನ್ ಹೆಸ್ರು ಬರಬಾರ್ದು ಅಕ್ಕಾ. ಮನೆ ಮಂದಿ ಐತೆ." ದ್ರೌಪದಮ್ಮ, "ಮಾಡಪ್ಪ ಗಂಡಸೇ" ಅಂದಳು. ಆ ಗಂಡಸೇ ಎಂಬ ಮಾತನ್ನು ಅವಳು ಅಂದ ರೀತಿಗೆ ಬೇರೆ ಯಾರಾದರೂ ಆಗಿದ್ದರೆ ಜಗಳಕ್ಕೆ ಬರುತ್ತಿದ್ದರು. ಗಯಾಸ್ ಸುಮ್ಮನೆ ಹೋಗಿ ಫೋನು ಮಾಡಿದ. ಅಷ್ಟು ಮಟ್ಟಿಗೆ ಆ ಮಂಟಪದಲ್ಲಿ ಊಟಕ್ಕೆ ಬಂದವರಲ್ಲಿ ಅವನೇ ವಾಸಿ.

ಎರಡು ದಿನ ಬಿಟ್ಟು ಮಕ್ಕಳ ರಕ್ಷಣೆಯವರು ಬಂದು ಶಶಿರೇಖಾಳನ್ನು ಬಾಲಮಂದಿರಕ್ಕೆ ಕರೆದೊಯ್ದರು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ವಿಚಾರಣೆ ಎಂದಾಯಿತು. ದ್ರೌಪದಮ್ಮನಿಗೆ ಒಳಗೊಳಗೇ ಸಂತೋಷ. ಆದರೆ ವಿಚಾರಣೆಯ ಬೆಳಿಗ್ಗೆ ಅವಳ ಮನೆಯ ಮುಂದೆ ಶಿವರಾಮಣ್ಣನ ಕಾರೇ ಬಂದು ನಿಂತಿತು.

"ಬಾಮ್ಮ, ನೀನೇ ನನ್ ಸಾಕ್ಷಿ," ಅಂದ. ಅವನ ಮುಖದಲ್ಲಿ ಭಯದ ಗೆರೆಯೂ ಇರಲಿಲ್ಲ. ದಾರಿಯುದ್ದಕ್ಕೂ ವಕೀಲರು ಹೇಳಿಕೊಟ್ಟದ್ದನ್ನು ಅವಳಿಗೆ ಒಪ್ಪಿಸಿದ. ಹುಡುಗಿ ಬಾರಿನ ಮೆಟ್ಟಿಲೇ ಹತ್ತಿದವಳಲ್ಲ. ಅವನ ಮನೆಯಲ್ಲಿ ಅಡುಗೆ ಮಾಡುವ ದ್ರೌಪದಮ್ಮನ ನೆಂಟರ ಮಗು. ಅವನು ಕನಿಕರದಿಂದ ಸಾಕುತ್ತಿದ್ದಾನೆ. ಚಿಕ್ಕಮ್ಮನೂ ಒಪ್ಪಿದ್ದಾಳೆ, ಹುಡುಗಿಯನ್ನು ಅವನ ಸುಪರ್ದಿಗೇ ಕೊಡಬೇಕು. "ಹೌದು ಅಂತ ಒಂದ್ ಮಾತು ಹೇಳು ಸಾಕು. ಇಲ್ಲ ಬಾರಲ್ಲಿ ಇದ್ಲು ಅಂದ್ಯೋ, ದಿನಾ ಉಡ್ಸಿದ್ದು ಯಾರು? ಸುಳ್ಳು ವಯಸ್ಸು ಹೇಳ್ಕೊಟ್ಟಿದ್ದು ಯಾರು? ಮೊದ್ಲು ಒಳಗ್ ಹೋಗೋಳು ನೀನೇ. ನಂಗೆ ಬೇಲ್ ಸಿಗುತ್ತೆ, ನಿಂಗ್ ಯಾರ್ ಕೊಡ್ಸ್ತಾರೆ?"

ಸಮಿತಿಯ ಕೋಣೆಯಲ್ಲಿ ಕನ್ನಡಕ ಹಾಕಿದ ಮೇಡಮ್ಮು ಅಧ್ಯಕ್ಷರು, ಇಬ್ಬರು ಸದಸ್ಯರು, ಬಾಗಿಲಲ್ಲಿ ಒಬ್ಬ ಪೇದೆ. ಶಶಿರೇಖಾ ಚೂಡಿದಾರ ತೊಟ್ಟು ಬೆಂಚಿನ ತುದಿಯಲ್ಲಿ ಕೂತಿದ್ದಳು, ಇನ್ನೊಂದು ತುದಿಯಲ್ಲಿ ಆ ಚಿಕ್ಕಮ್ಮ. ಶಿವರಾಮಣ್ಣ ಕೈ ಮುಗಿದ, ಕಣ್ಣೊರೆಸಿಕೊಂಡ, ಆಲ್ಬಮ್ ಕೊಟ್ಟ. ಆಮೇಲೆ ಲ್ಯಾಪ್‌ಟಾಪಿನಲ್ಲಿ ವಿಡಿಯೋ ಹಾಕಿದ. ಹೆಗಲ ಮೇಲೆ ತೆಂಗಿನ ಗರಿ ಹೊತ್ತು ಅವನು ನಡೆದು ಬರುವುದು, ಗುಡಲು ಕಟ್ಟುವುದು, ಮಗುವಿನ ಬಾಯಿಗೆ ಚಿಗಳಿ ಇಡುವುದು, ಹಿನ್ನೆಲೆಯಲ್ಲಿ ನಾದಸ್ವರ. ತಪಾಸಣೆಯ ಸಾಹೇಬರು ಹರಸುವುದೂ ಅದರಲ್ಲಿತ್ತು. ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ಬೇಕೆ?

ಮೇಡಮ್ಮಿನ ಕಣ್ಣು ತೇವವಾಯಿತು. "ಸ್ವಂತದವ್ರೇ ಇಷ್ಟು ಮಾಡಲ್ಲ ಈ ಕಾಲ್ದಲ್ಲಿ," ಅಂದರು. ಯೋಗ್ಯ ವ್ಯಕ್ತಿ ಪೋಷಕನಾಗಿ ಮುಂದೆ ಬಂದರೆ ಮಗುವನ್ನು ಒಪ್ಪಿಸಬಹುದು ಎಂದು ಸದಸ್ಯರೊಬ್ಬರು ಕಾನೂನು ಹೇಳಿದರು. ದ್ರೌಪದಮ್ಮ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು. ಅವನನ್ನು ಬೀಳಿಸಲೆಂದು ತಾನೇ ತೋಡಿಸಿದ ಹಳ್ಳವನ್ನು ಅವನು ಬಾವಿ ಮಾಡಿಕೊಂಡು ನೀರು ಸೇದುತ್ತಿದ್ದ. ಮಗುವನ್ನು ಕಾಯಲು ಇರುವ ಕಾನೂನೇ ಮಗುವನ್ನು ಎತ್ತಿ ತೋಳನ ಮಡಿಲಿಗೆ ಹಾಕಲು ಕೈ ಚಾಚಿತ್ತು, ಅದೂ ಕಣ್ಣೀರು ಸುರಿಸಿಕೊಂಡು.

"ನೀವೇನಾ ಅಡುಗೆಯವ್ರು?" ಎಂದು ಮೇಡಮ್ಮು ಕೇಳಿದರು. "ಇವ್ರು ಹೇಳಿದ್ದು ನಿಜ ತಾನೇ?"

ದ್ರೌಪದಮ್ಮ ಶಶಿರೇಖಾಳನ್ನು ನೋಡಿದಳು. ಹುಡುಗಿ ಚೂಡಿದಾರದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿತ್ತು.

"ಸುಳ್ಳು," ಅಂದಳು. "ನಾನು ಯಾರ್ ಮನೇಲೂ ಅಡ್ಗೆ ಮಾಡೋಳಲ್ಲ. ಇವನ್ ಬಾರಲ್ಲಿ ಸೀರೆ ಉಡ್ಸೋಳು. ಈ ಮಗೀಗೂ ದಿನಾ ಉಡ್ಸಿವ್ನಿ. ದಿನಾ ಜಗ್ಲಿ ಮ್ಯಾಲೆ ಕೂರ್ತಿತ್ತು."

ಶಿವರಾಮಣ್ಣ ನಕ್ಕ. ಮುದುಕಿಗೆ ತಲೆ ಕೆಟ್ಟಿದೆ, ಸಂಬಳ ಜಾಸ್ತಿ ಕೇಳಿದಳು, ಕೊಡಲಿಲ್ಲ, ಅದಕ್ಕೇ ಈ ಹೊಟ್ಟೆಕಿಚ್ಚು ಅಂದ. ಚಿಕ್ಕಮ್ಮ ಹೌದು ಹೌದು ಎಂದು ದನಿಗೂಡಿಸಿದಳು. ಮೇಡಮ್ಮು ಹುಡುಗಿಯ ಕಡೆ ತಿರುಗಿ, "ಪುಟ್ಟಾ, ನೀನು ಬಾರಲ್ಲಿ ಇದ್ಯಾ?" ಎಂದು ಮೆಲ್ಲಗೆ ಕೇಳಿದರು. ಶಶಿರೇಖಾ ಶಿವರಾಮಣ್ಣನನ್ನು ನೋಡಿ, ಇಲ್ಲ ಎಂದು ತಲೆಯಾಡಿಸಿದಳು.

"ನೋಡಮ್ಮ, ಮಗೂನೇ ಇಲ್ಲ ಅಂತಿದೆ. ನಿಮ್ ಹತ್ರ ಏನ್ ಸಾಕ್ಷಿ ಇದೆ?"

"ಅದ್ರ ವಯಸ್ಸು ಕೇಳಿ," ಅಂದಳು ದ್ರೌಪದಮ್ಮ.

"ವಯಸ್ಸು ಗೊತ್ತಿದೆಯಲ್ಲ, ಹದಿಮೂರು. ಅದರಲ್ಲಿ ಯಾರಿಗೂ ಅನುಮಾನ ಇಲ್ಲ."

"ಇಂಗೆ ಪುಟ್ಟಾ ಚಿನ್ನಾ ಅಂತಲ್ಲ ಕಣವ್ವ. ಓ ಅವರ್ ಕೈಲಿ ಕೇಳ್ಸಿ," ಎಂದು ಬಾಗಿಲ ಪೇದೆಯ ಕಡೆ ಕೈ ತೋರಿಸಿದಳು. "ರೈಡಿಗೆ ಬಂದಾಗ ಕೇಳ್ತಾರಲ್ಲ, ಅಂಗೆ."

ಶಿವರಾಮಣ್ಣ ಎದ್ದ. ಸದಸ್ಯರು ಕೂರಲು ಹೇಳಿದರು. ಮೇಡಮ್ಮು ಅರೆಮನಸ್ಸಿನಿಂದ ಪೇದೆಗೆ ಸನ್ನೆ ಮಾಡಿದರು. ಅವನಿಗೆ ಮಕ್ಕಳ ಮುಂದೆ ಮೆತ್ತಗೆ ಮಾತಾಡಿ ಅಭ್ಯಾಸವಿರಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಗದರಿದ.

"ಏಯ್! ವಯಸ್ಸೆಷ್ಟು?"

ಶಶಿರೇಖಾ ಸ್ಪ್ರಿಂಗಿನಂತೆ ಎದ್ದು ನಿಂತಳು. ಎಡಗೈ ಇಲ್ಲದ ಸೆರಗನ್ನು ಹುಡುಕಿ ಭುಜಕ್ಕೆ ಹೋಯಿತು. ಕಣ್ಣು ನೆಲಕ್ಕಿಳಿಯಿತು.

"ಇಪ್ಪತ್ತೆರಡು ಸಾರ್. ನನ್ನಿಷ್ಟದಿಂದ ಬಂದಿದೀನಿ ಸಾರ್. ಹಾಡು ಅಂದ್ರೆ ಇಷ್ಟ ಸಾರ್."

ಹೇಳಿ ಮುಗಿಸಿ, ಸರಿಯಾಯಿತೇ ಎಂದು ತಿರುಗಿ ದ್ರೌಪದಮ್ಮನ ಮುಖ ನೋಡಿದಳು.

ಲ್ಯಾಪ್‌ಟಾಪಿನಲ್ಲಿ ನಾದಸ್ವರ ಇನ್ನೂ ನಡೆದೇ ಇತ್ತು, ಯಾರೋ ಅದನ್ನು ಮುಚ್ಚಿದರು. ದ್ರೌಪದಮ್ಮ ಹುಬ್ಬು ಹಾರಿಸಲಿಲ್ಲ.

"ಇದನ್ನ ಏಳ್ಕೊಟ್ಟೋಳು ನಾನೇ," ಅಂದಳು. "ಬರ್ಕೊಳಿ. ದ್ರೌಪದಮ್ಮ, ಎಬ್ಬಾಳ. ಇವಳೊಬ್ಳಿಗೇ ಅಲ್ಲ, ಬಂದೋರ್ಗೆಲ್ಲ ಏಳ್ಕೊಟ್ಟಿವ್ನಿ."

ಮೇಡಮ್ಮು ಶಿವರಾಮಣ್ಣನ ಅರ್ಜಿಯನ್ನು ಪಕ್ಕಕ್ಕಿಟ್ಟು ಪೊಲೀಸರಿಗೆ ಫೋನು ಮಾಡಲು ಹೇಳಿದರು. ಮಗು ಬಾಲಮಂದಿರದಲ್ಲೇ ಇರಲಿ ಎಂದು ಆದೇಶವಾಯಿತು. ಶಿವರಾಮಣ್ಣ ತಾನು ಯಾರೆಂದು ಗೊತ್ತೇ ಎಂದು ಕೂಗಾಡಿದ. ಗೊತ್ತಿಲ್ಲದವರು ಅಲ್ಲಿ ಯಾರೂ ಉಳಿದಿರಲಿಲ್ಲ. ಕೇಸಿನಲ್ಲಿ ಅವನು ಒಂದನೆಯ ಆರೋಪಿಯಾದ, ಚಿಕ್ಕಮ್ಮ ಎರಡನೆಯವಳು, ದ್ರೌಪದಮ್ಮ ಮೂರನೆಯವಳು. ಹೇಳಿದ ಹಾಗೆಯೇ ಅವನಿಗೆ ಬೇಗ ಬೇಲ್ ಸಿಕ್ಕಿತು. ಇವಳಿಗೆ ತಡವಾಯಿತು.

ಅವತ್ತು ಪೊಲೀಸು ಜೀಪು ಬರುವವರೆಗೆ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಬಾಲಮಂದಿರದ ಆಯಾ ಶಶಿರೇಖಾಳ ಕೈ ಹಿಡಿದು ಅದೇ ದಾರಿಯಲ್ಲಿ ಬಂದಳು. ಹುಡುಗಿ ಕೈ ಬಿಡಿಸಿಕೊಂಡು ಬೆಂಚಿನ ಮುಂದೆ ನಿಂತಿತು.

"ಅಕ್ಕಾ, ನಾನ್ ತಪ್ಪು ಹೇಳಿದ್ನಾ?"

"ಇಲ್ಲ. ನಾನ್ ತಪ್ಪು ಏಳ್ಕೊಟ್ಟಿದ್ದೆ. ಇನ್ಮ್ಯಾಕೆ ಯಾರ್ ಕೇಳುದ್ರೂ, ಎಷ್ಟೇ ಗದರ್ಸುದ್ರೂ, ಅದಿಮೂರು ಅನ್ನು."

"ಹದಿಮೂರು," ಎಂದು ಹುಡುಗಿ ಒಪ್ಪಿಸಿತು. ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿತು. "ಮುಂದಿನ್ ವರ್ಷ ಕೇಳಿದ್ರೆ?"

ದ್ರೌಪದಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮುಂದಿನ್ ವರ್ಸ ಅದಿನಾಕು ಕಣವ್ವಾ," ಅಂದಳು.